ಸೇತುವೆಯ ಕಬ್ಬಿಣ, ಅರದ ಉಕ್ಕು, ಒಂದು ಕ್ಷೌರದ ಕತ್ತಿ

ಹಳೆಯ ಸೇತುವೆಯ ಕಬ್ಬಿಣದಿಂದ ಗಡ್ಡ ತೆಗೆಯಲು ಆಗುವುದಿಲ್ಲ. ಅದಕ್ಕೆ ಎಷ್ಟೇ ವಯಸ್ಸಾಗಿರಲಿ, ಎಷ್ಟೇ ದೊಡ್ಡ ಕಥೆಯಿರಲಿ, ಅಲಗಿಗೆ ಬೇಕಾದ ಗಡಸು ಅದರಲ್ಲಿಲ್ಲ. ಆದರೂ ಅದೇ ಕಬ್ಬಿಣ ಹಾಕಿ ನಾನೊಂದು ಕ್ಷೌರದ ಕತ್ತಿ ಮಾಡಿದೆ. ಹಿಡಿಯೊಳಗೆ ಮಡಚಿಕೊಳ್ಳುತ್ತದಲ್ಲ, ಸ್ಟ್ರೈಟ್ ರೇಜರ್, ಅದು. ಈಗ ದಿನಾ ಅದರಲ್ಲೇ ಶೇವ್ ಮಾಡಿಕೊಳ್ಳುತ್ತೇನೆ. ಯಾವ ಲೋಹವನ್ನು ಎಲ್ಲಿಟ್ಟೆ, ಯಾಕೆ ಅಲ್ಲೇ ಇಟ್ಟೆ ಅನ್ನುವುದೇ ಈ ಕೆಲಸದ ಜೀವ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ನನಗೆ ಸಿಕ್ಕಿದ್ದು 19ನೇ ಶತಮಾನದ ಒಂದು ರೈಲು ಸೇತುವೆಯನ್ನು ಕಳಚಿದಾಗ ಉಳಿದ ಸರಳಿನ ತುಂಡು. ಹೆಬ್ಬೆರಳಿಗಿಂತ ದಪ್ಪ, ಒಂದು ಮೊಳ ಉದ್ದ. ಆ ಕಾಲದ ಸೇತುವೆಗಳಲ್ಲಿ ಹೆಚ್ಚಿನವು ಉಕ್ಕಿನವಲ್ಲ, ಮೆದುಕಬ್ಬಿಣದವು. 1784ರಲ್ಲಿ ಹೆನ್ರಿ ಕಾರ್ಟ್ ಪೇಟೆಂಟ್ ಪಡೆದ ಪಡ್ಲಿಂಗ್ ವಿಧಾನದಲ್ಲಿ ತಯಾರಾದ ಲೋಹ ಅದು. ಕರಗಿದ ಬೀಡುಕಬ್ಬಿಣವನ್ನು ಕುಲುಮೆಯೊಳಗೆ ಉದ್ದನೆಯ ಸಲಾಕೆಯಿಂದ ಕಲಕುತ್ತಾ ಇದ್ದರೆ ಅದರಲ್ಲಿನ ಇಂಗಾಲ ಸುಟ್ಟುಹೋಗುತ್ತದೆ. ಇಂಗಾಲ ಕಡಿಮೆಯಾದಂತೆ ಕರಗುವ ಬಿಸಿ ಮೇಲೇರುತ್ತದೆ. ಹಾಗಾಗಿ ಅಷ್ಟು ಹೊತ್ತು ದ್ರವವಾಗಿದ್ದ ಕಬ್ಬಿಣ ಮುದ್ದೆ ಕಟ್ಟುತ್ತದೆ. ಆ ಮುದ್ದೆಯನ್ನು ಹೊರಗೆಳೆದು ಬಡಿದು, ಉರುಳೆಗಳ ನಡುವೆ ಹಾಯಿಸಿ ಸರಳು ಮಾಡುತ್ತಿದ್ದರು. ಎಷ್ಟು ಬಡಿದರೂ ಕಿಟ್ಟ, ಅಂದರೆ ಕಬ್ಬಿಣದ ಜೊತೆ ಬೆರೆತ ಗಾಜಿನಂಥ ಕಲ್ಮಶ, ಪೂರ್ತಿ ಹೋಗುವುದಿಲ್ಲ. ಉಳಿದ ಕಿಟ್ಟ ಸರಳಿನ ಉದ್ದಕ್ಕೂ ಸಣ್ಣ ಎಳೆಗಳಾಗಿ ಸೇರಿಕೊಳ್ಳುತ್ತದೆ. 1889ರ ಐಫೆಲ್ ಗೋಪುರವೂ ಇಂಥದೇ ಕಬ್ಬಿಣದ್ದು. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲೆ ಉಕ್ಕು ಅಗ್ಗವಾಗುತ್ತಾ ಹೋಯಿತು, ಮೆದುಕಬ್ಬಿಣ ಹಿಂದೆ ಸರಿಯಿತು. ಈಗ ಕಾರ್ಖಾನೆಗಳು ಇದನ್ನು ತಯಾರಿಸುವುದಿಲ್ಲ. ಬೇಕಾದರೆ ಹಳೆಯ ಸೇತುವೆ, ಲಂಗರಿನ ಸರಪಳಿ, ಬೇಲಿಗಳನ್ನೇ ಹುಡುಕಬೇಕು.

ಹಳೆಯ ಲೋಹ ಬಳಸುವುದಕ್ಕೆ ನನಗೆ ಇದೇ ದೊಡ್ಡ ಕಾರಣ. ಕಥೆ ಇದೆ ಅಂತ ಮಾತ್ರ ಅಲ್ಲ. ಆ ಎಳೆಗಳ ನೋಟ ಹೊಸ ಲೋಹದಲ್ಲಿ ಸಿಗುವುದೇ ಇಲ್ಲ.

ಎಲ್ಲ ಹಳೆಯ ಲೋಹವನ್ನೂ ಮುಟ್ಟಬಹುದು ಅಂತಲೂ ಅಲ್ಲ. ಯುದ್ಧನೌಕೆಗಳ ಉಕ್ಕಿಗೆ ರೇಜರ್ ಪ್ರಿಯರಲ್ಲಿ ಭಾರೀ ಬೇಡಿಕೆ. 1944ರ ನವೆಂಬರ್ 12ರಂದು ನಾರ್ವೆಯ ಟ್ರೋಮ್ಸೋ ಬಳಿ ಮುಳುಗಿದ ಜರ್ಮನ್ ನೌಕೆ ಟಿರ್ಪಿಟ್ಸ್ ಅನ್ನು ಯುದ್ಧ ಮುಗಿದ ಮೇಲೆ ಬಹಿರಂಗವಾಗಿಯೇ ಒಡೆದು ಮಾರಲಾಯಿತು. ಆ ಉಕ್ಕು ಹಾಕಿ ಪದರಪದರವಾಗಿ ಬೆಸೆದ ಡಮಾಸ್ಕಸ್ ಕತ್ತಿಗಳು ಇವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜಾವಾ ಸಮುದ್ರದಲ್ಲಿ 1942ರಲ್ಲಿ ಮುಳುಗಿದ ಡಚ್ ನೌಕೆಗಳು ತಳದಿಂದಲೇ ಮಾಯವಾಗಿವೆ ಎಂದು 2016ರಲ್ಲಿ ಗೊತ್ತಾಯಿತು. ನಾವಿಕರ ಸಮಾಧಿಗಳಾಗಿದ್ದ ಹಡಗುಗಳನ್ನು ಗುಜರಿ ಕಳ್ಳರು ಕಿತ್ತೊಯ್ದಿದ್ದರು. ಮಲೇಷ್ಯಾ ಸಮೀಪ ಮುಳುಗಿರುವ ಬ್ರಿಟಿಷ್ ನೌಕೆಗಳಾದ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್‌ಗಳಿಗೂ ಕೈ ಹಾಕಿದ್ದಾರೆ. ಅಂಥ ಲೋಹ ನನ್ನ ಕುಲುಮೆಗೆ ಬೇಡ. ತುಂಡು ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬ ಕಾಗದ ಇಲ್ಲದಿದ್ದರೆ ನಾನು ತೆಗೆದುಕೊಳ್ಳುವುದಿಲ್ಲ. ನನ್ನ ಸರಳಿನ ಜೊತೆ ಕಾಗದ ಬಂದಿತ್ತು.

ಕಾಗದ ಇದ್ದರೂ ಲೋಹವನ್ನೇ ಒಮ್ಮೆ ಕೇಳಬೇಕು. ಸಾಣೆಚಕ್ರಕ್ಕೆ ಹಿಡಿದು ಕಿಡಿ ನೋಡಿದೆ. ಸೇತುವೆಯ ಸರಳಿನ ಕಿಡಿಗಳು ಉದ್ದವಾಗಿ, ಮಂಕಾಗಿ, ಕವಲೊಡೆಯದೆ ಹೋದವು. ಇಂಗಾಲ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಅರ್ಥ. ಪಕ್ಕದಲ್ಲೇ ಒಂದು ಹಳೆಯ ಅರವನ್ನು, ಲೋಹ ಉಜ್ಜುವ ಫೈಲ್ ಅನ್ನುತ್ತಾರಲ್ಲ ಅದನ್ನು, ಹಿಡಿದೆ. ಚಕ್ರದ ಹತ್ತಿರವೇ ಬೆಳ್ಳಗೆ ಸಿಡಿದು, ಒಂದೊಂದು ಕಿಡಿಯೂ ನಾಲ್ಕಾರಾಗಿ ಒಡೆಯಿತು. ಒಳ್ಳೆಯ ಅರದ ಉಕ್ಕಿನಲ್ಲಿ ಇಂಗಾಲ ಶೇಕಡಾ 1ರಿಂದ 1.2ರಷ್ಟು ಇರುತ್ತದೆ. ಆ ಅರದ ಚೂರೊಂದನ್ನು ಕೆಂಪಗೆ ಕಾಯಿಸಿ, ತಣಿಸಿ, ಮುರಿದು ನೋಡಿದೆ. ಮುರಿದ ಜಾಗ ಬೂದು ಬಣ್ಣಕ್ಕೆ ನುಣ್ಣಗಿತ್ತು. ಅಲಗಿಗೆ ಇದೇ ಎಂದು ಆಗಲೇ ತೀರ್ಮಾನಿಸಿದೆ.

ಅಲಗಿನ ವಿಷಯದಲ್ಲಿ ನಾನು ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಶೇವ್ ಮಾಡುವ ಅಂಚಿನ ತುದಿ ಒಂದು ಮೈಕ್ರಾನ್‌ಗಿಂತಲೂ ತೆಳ್ಳಗಿರಬೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಒಂದು ಕೂದಲೇ 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಅದು ಬ್ಲೇಡಿನ ಅಂಚನ್ನು ಚೂರು ಚೂರಾಗಿ ಕೀಳುತ್ತದೆ. ಉಕ್ಕಿನ ಒಳರಚನೆ ಒಂದು ಕಡೆ ಗಡಸು, ಪಕ್ಕದಲ್ಲೇ ಮೆದು ಅಂತ ಇದ್ದರೆ, ಕೂದಲು ಓರೆಯಾಗಿ ಬಿದ್ದಾಗ ಆ ಎರಡರ ನಡುವೆ ಬಿರುಕು ಹುಟ್ಟುತ್ತದೆ. ಹಾಗಿರುವಾಗ ಮೆದುಕಬ್ಬಿಣದ ಪದರವನ್ನೂ ಕಿಟ್ಟದ ಎಳೆಯನ್ನೂ ಅಂಚಿನವರೆಗೆ ತಂದರೆ ಏನಾಗುತ್ತದೆ? ಕೆನ್ನೆ ಕೀಸುತ್ತದೆ, ಅಷ್ಟೇ. ಅದಕ್ಕೇ ನನ್ನ ಲೆಕ್ಕ ಹೀಗಿತ್ತು: ನಡುವೆ ಅರದ ಉಕ್ಕಿನ ಒಂದೇ ತಿರುಳು, ಎರಡೂ ಬದಿಗೆ ಸೇತುವೆಯ ಕಬ್ಬಿಣ ಸೇರಿದ ಡಮಾಸ್ಕಸ್ ಹೊದಿಕೆ. ಅಂಚಿನಲ್ಲಿ ತಿರುಳು ಮಾತ್ರ ಹೊರಗೆ ಬರಬೇಕು.

ಕಾಯಿಸುವ ಮೊದಲು ಶುಚಿ ಮಾಡಲೇಬೇಕು. ಹಳೆಯ ಸೇತುವೆಗಳಿಗೆ ಸೀಸದ ಕೆಂಪು ಬಣ್ಣ ಬಳಿಯುತ್ತಿದ್ದರು. ಅದನ್ನು ಬೆಂಕಿಗೆ ಹಾಕಿದರೆ ಸೀಸದ ಹೊಗೆ ನಮ್ಮೊಳಗೇ ಹೋಗುತ್ತದೆ. ಸತು ಲೇಪಿಸಿದ ತುಂಡೂ ಹಾಗೇ, ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ನಾನು ಮುಖಕ್ಕೆ ಸರಿಯಾದ ಮಾಸ್ಕ್ ಕಟ್ಟಿಕೊಂಡು, ನೀರು ಹಾಕುತ್ತಾ ಬಣ್ಣ ಕೆರೆದು, ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಅರದ ಹಲ್ಲುಗಳನ್ನೂ ಪೂರ್ತಿ ಸವೆಸಿದೆ. ಒಂದು ಹಲ್ಲಿನ ಗೀರು ಉಳಿದರೂ ಬೆಸುಗೆಯೊಳಗೆ ಅದು ಸೀಳಾಗಿ ಕೂತುಬಿಡುತ್ತದೆ.

ಮೆದುಕಬ್ಬಿಣಕ್ಕೆ ತನ್ನದೇ ಹಟವಿದೆ. ಕಿತ್ತಳೆ ಬಣ್ಣಕ್ಕೆ ಕಾದಾಗ ಬಡಿದರೆ ಎಳೆಗಳ ಗುಂಟ ಸೌದೆಯ ಹಾಗೆ ಸೀಳುತ್ತದೆ. ಬಿಳಿಯ ಹತ್ತಿರ, 1250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಬಂದರೆ ಮಾತ್ರ ಮಾತು ಕೇಳುತ್ತದೆ. ನನಗೆ ಕುಲುಮೆ ಕೆಲಸ ಕಲಿಸಿದ ಹಿರಿಯರು ಪಕ್ಕದಲ್ಲೇ ನಿಂತಿದ್ದರು. ನಾನು ಇಕ್ಕಳಕ್ಕೆ ಕೈ ಹಾಕಿದಾಗಲೆಲ್ಲ, "ತಾಳಪ್ಪ, ಇನ್ನೂ ಹಳದಿ ಇದೆ, ಬಿಳಿ ಬರಲಿ" ಅನ್ನುತ್ತಿದ್ದರು. "ಸುಟ್ಟುಹೋಗಲ್ವಾ ಗುರುಗಳೇ?" ಅಂತ ಕೇಳಿದೆ. "ಇದು ಸುಡಲ್ಲ. ನಿನ್ನ ಅರ ಸುಡುತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ಶುರು ಮಾಡಬೇಡ ಅಂದಿದ್ದು."

ಅವರು ಹೇಳಿದ್ದೇ ಈ ಕೆಲಸದ ಮುಖ್ಯ ತೊಡಕು. ಇಂಗಾಲ ಜಾಸ್ತಿ ಇರುವ ಉಕ್ಕನ್ನು ಮೆದುಕಬ್ಬಿಣಕ್ಕೆ ಬೇಕಾದ ಬಿಸಿಗೆ ಒಯ್ದರೆ ಅದು ಕಿಡಿ ಕಾರುತ್ತದೆ, ಸುತ್ತಿಗೆ ಬಿದ್ದಾಗ ಪುಡಿಯಾಗುತ್ತದೆ. ಹಾಗಾಗಿ ಮೊದಲು ಸೇತುವೆಯ ಕಬ್ಬಿಣವನ್ನಷ್ಟೇ ಬಿಳಿಗೆ ಕಾಯಿಸಿ, ಮಡಚಿ, ತನ್ನೊಳಗೇ ಬೆಸೆದು ಗಟ್ಟಿ ಮಾಡಿಕೊಂಡೆ. ಕಿಟ್ಟ ಕರಗಿ, ಇಟ್ಟು ಬಡಿಯುವ ಅಡಿಗಲ್ಲಿನ ಸುತ್ತ ಸಿಡಿಯುತ್ತಿತ್ತು. ಸೀಳುಗಳೆಲ್ಲ ಮುಚ್ಚಿ, ಸರಳು ಒಂದೇ ಮೈಯಾದ ಮೇಲೆ ಅದನ್ನು ಪಟ್ಟಿಗಳಾಗಿ ಎಳೆದೆ.

ನಂತರ ಡಮಾಸ್ಕಸ್ ಪದರಗಳು. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಲೋಹಗಳಿವೆ. ಹಳೆಯದು ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಮಣ್ಣಿನ ಮೂಸೆಯೊಳಗೆ ಕರಗಿಸಿ ಮಾಡುತ್ತಿದ್ದ ಉಕ್ಕು. ಅದರ ಅಲೆಗಳು ಪದರ ಸೇರಿಸಿ ಬಂದವಲ್ಲ, ಉಕ್ಕು ತಣಿದು ಬಡಿಸಿಕೊಳ್ಳುವಾಗ ಒಳಗೇ ಸಾಲುಗಟ್ಟಿದ ಕಾರ್ಬೈಡ್ ಕಣಗಳು, ಅಂದರೆ ಕಬ್ಬಿಣ ಇಂಗಾಲ ಸೇರಿದ ಗಡಸು ಕಣಗಳು. ಆ ಸಾಲುಗಳಿಗೆ ಅದಿರಿನಲ್ಲಿದ್ದ ವನೇಡಿಯಮ್‌ನಂಥ ಅಂಶಗಳ ಚೂರುಪಾರು ಕಾರಣ ಎಂದು ಲೋಹಶಾಸ್ತ್ರಜ್ಞ ಜಾನ್ ವೆರ್‌ಹೋವನ್ ಮತ್ತು ಕತ್ತಿ ಮಾಡುವ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1998ರಲ್ಲಿ ವಿವರಿಸಿದರು. ಕ್ಷೌರದ ಕತ್ತಿಗೂ ಆ ಉಕ್ಕಿಗೂ ಹಳೆಯ ನಂಟಿದೆ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಅದನ್ನು ಬಹಳ ಮೆಚ್ಚಿದ್ದ. ಅವನ ಜೊತೆ ಸೇರಿ ಮೈಕಲ್ ಫ್ಯಾರಡೆ 1820ರ ಸುಮಾರಿಗೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ನಡೆಸಿದ. ವಿದ್ಯುತ್ತಿಗೆ ಹೆಸರಾದ ಅದೇ ಫ್ಯಾರಡೆ, ಕಮ್ಮಾರನ ಮಗ. ನಾನು ಮಾಡಿದ್ದು ಎರಡನೆಯ ಬಗೆ: ಬೇರೆ ಬೇರೆ ಲೋಹದ ಪಟ್ಟಿಗಳನ್ನು ಪೇರಿಸಿ ಬೆಸೆಯುವುದು.

ಸೇತುವೆಯ ಕಬ್ಬಿಣದ ಜೊತೆಗೆ ಹಳೆಯ ಗರಗಸದ ಪಟ್ಟಿ ತೆಗೆದುಕೊಂಡೆ. ಮರ ಕೊಯ್ಯುವ ಕೆಲವು ಗರಗಸಗಳ ಉಕ್ಕಿನಲ್ಲಿ ಶೇಕಡಾ 2ರಷ್ಟು ನಿಕ್ಕಲ್ ಇರುತ್ತದೆ. ಆ ನಿಕ್ಕಲ್ಲೇ ನಮಗೆ ಬೇಕಾದದ್ದು. ಗರಗಸದ ನಾಲ್ಕು, ಕಬ್ಬಿಣದ ಮೂರು, ಒಟ್ಟು ಏಳು ಪಟ್ಟಿಗಳು. ಅಂಚುಗಳನ್ನು ವೆಲ್ಡ್ ಮಾಡಿ, ಹಿಡಿಯಲು ಒಂದು ಸರಳು ಅಂಟಿಸಿ ಕುಲುಮೆಗೆ ಇಟ್ಟೆ. ಕೆಂಪಗಾದಾಗ ಬಿಳಿಗಾರ ಉದುರಿಸಿದೆ. ಅದು ಸುಮಾರು 740 ಡಿಗ್ರಿಗೆ ಕರಗಿ, ಸಂದುಗಳಿಗೆ ಇಳಿದು, ತುಕ್ಕಿನ ಪೊರೆಯನ್ನು ಕರಗಿಸಿಕೊಂಡು ಹೊರಗೆ ತರುತ್ತದೆ. ಕುಲುಮೆಯ ಒಳಗೋಡೆಯನ್ನೂ ತಿನ್ನುತ್ತದೆ, ಅದು ಬೇರೆ ಮಾತು.

ಬೆಸುಗೆಯ ಬಿಸಿ ಬಂದಾಗ ಇಡೀ ಕಟ್ಟು ಒಂದೇ ಬಣ್ಣಕ್ಕಿರುತ್ತದೆ. ಪದರಗಳ ನಡುವೆ ನೆರಳಿನ ಗೆರೆ ಕಾಣಬಾರದು. ಕಂಡರೆ ಅಲ್ಲಿ ಸಂದಿದೆ ಅಂತ. ಮೊದಲ ಏಟುಗಳು ಜೋರಾಗಿರಬಾರದು, ಬೇಗಬೇಗ ಬೀಳಬೇಕು. ನಡುವಿನಿಂದ ಹೊರಗೆ ಬಡಿಯುತ್ತಾ ಹೋದರೆ ಕರಗಿದ ಬಿಳಿಗಾರ ಬದಿಯಿಂದ ಚಿಮ್ಮುತ್ತದೆ. ಪದರ ಬೆಸೆದುಕೊಂಡ ಮೇಲೆ ಸುತ್ತಿಗೆಯ ಸದ್ದು ಬದಲಾಗುತ್ತದೆ. ಟೊಳ್ಳು ಹೋಗಿ ಗಟ್ಟಿ ಸದ್ದು ಬರುತ್ತದೆ. ಆ ಸದ್ದು ಕೇಳಿದಾಗಿನ ಖುಷಿಯನ್ನು ಹೇಳಿ ತಿಳಿಸಲು ಆಗುವುದಿಲ್ಲ, ಕುಲುಮೆಯ ಮುಂದೆ ನಿಂತೇ ಕೇಳಬೇಕು.

ಏಳನ್ನು ಎಳೆದು, ನಾಲ್ಕು ತುಂಡು ಮಾಡಿ ಮತ್ತೆ ಪೇರಿಸಿದರೆ 28. ಅಲ್ಲಿಗೆ ನಿಲ್ಲಿಸಿದೆ. ಪದರ ನೂರಾರು ಇದ್ದಷ್ಟೂ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಮೆದುಕಬ್ಬಿಣದ ಪದರ ಸ್ವಲ್ಪ ದಪ್ಪ ಉಳಿದರೆ ಮಾತ್ರ ಅದರೊಳಗಿನ ಕಿಟ್ಟದ ಎಳೆ ಕಣ್ಣಿಗೆ ಕಾಣುತ್ತದೆ. ಅದನ್ನು ಅಳಿಸಿಹಾಕುವುದಾದರೆ ಹಳೆಯ ಕಬ್ಬಿಣ ಯಾಕೆ ಬೇಕು? ಇನ್ನೊಂದು ತಪ್ಪು ನಂಬಿಕೆ, ಕಾಣುವ ವಿನ್ಯಾಸ ಗಡಸು ಪದರ, ಮೆದು ಪದರಗಳದ್ದು ಅನ್ನುವುದು. ಬೆಸುಗೆಯ ಬಿಸಿಯಲ್ಲಿ ಇಂಗಾಲ ಒಂದು ಕಡೆ ಕೂರುವುದಿಲ್ಲ. ತೆಳು ಪದರಗಳಲ್ಲಿ ಕೆಲವೇ ನಿಮಿಷಗಳಲ್ಲಿ ಇರುವಲ್ಲಿಂದ ಇಲ್ಲದ ಕಡೆಗೆ ಹರಿದು ಹೆಚ್ಚುಕಡಿಮೆ ಸಮ ಆಗಿಬಿಡುತ್ತದೆ. ನಿಕ್ಕಲ್ ಹಾಗಲ್ಲ, ತನ್ನ ಜಾಗ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ. ಕೊನೆಗೆ ನಾವು ನೋಡುವ ಕಪ್ಪು ಬಿಳುಪಿನ ವಿನ್ಯಾಸ ನಿಕ್ಕಲ್ ಇರುವ, ಇಲ್ಲದ ಪದರಗಳದ್ದು. ಗಡಸುತನದ್ದಲ್ಲ.

ಇಂಗಾಲದ ಈ ಓಡಾಟ ತಿರುಳಿಗೂ ಅಪಾಯ. ನನ್ನ ಹೊದಿಕೆಯಲ್ಲಿ ಇಂಗಾಲ ಸರಾಸರಿ ಶೇಕಡಾ 0.4ರ ಹತ್ತಿರ ಬರುತ್ತದೆ, ತಿರುಳಿನಲ್ಲಿ 1.2. ನೇರವಾಗಿ ಬೆಸೆದರೆ ತಿರುಳಿನ ಇಂಗಾಲ ಹೊದಿಕೆಗೆ ಸೋರುತ್ತದೆ. ಅದಕ್ಕೆ ಎರಡರ ನಡುವೆ ಶುದ್ಧ ನಿಕ್ಕಲ್ಲಿನ ತೆಳು ಹಾಳೆ ಇಟ್ಟೆ. ನಿಕ್ಕಲ್ಲಿನ ಮೂಲಕ ಇಂಗಾಲ ಅಷ್ಟು ಸಲೀಸಾಗಿ ದಾಟುವುದಿಲ್ಲ. ಈ ಸಲ ಬಿಸಿ ಬಿಳಿಗೆ ಹೋಗದ ಹಾಗೆ, ಹಳದಿಯಲ್ಲೇ ಬೆಸೆದೆ. ಅರದ ಉಕ್ಕು ಒಳಗಿದೆ ಎಂಬ ಎಚ್ಚರ ಪ್ರತಿ ಸಲ ಕಾಯಿಸುವಾಗಲೂ ಇತ್ತು. ಬಡಿಯುವಾಗ ಎರಡೂ ಮಗ್ಗುಲಿಗೆ ಸಮ ಏಟು ಬೀಳಬೇಕು. ತಿರುಳು ನಡುವಿನಿಂದ ಸರಿದರೆ ಅಂಚಿನಲ್ಲಿ ಹೊದಿಕೆ ಬರುತ್ತದೆ, ಆಗ ಇಡೀ ಶ್ರಮ ದಂಡ.

ಬೆನ್ನು, ಬಾಲ, ಕೀಲಿನ ಜಾಗ, ಇವನ್ನು ಬಡಿದು ರೂಪಕ್ಕೆ ತರುವುದು ಮೇಲಿನದ್ದಕ್ಕೆ ಹೋಲಿಸಿದರೆ ಸಲೀಸು. ಅಳತೆಯಲ್ಲಿ ಮಾತ್ರ ಸಡಿಲ ಬಿಡುವ ಹಾಗಿಲ್ಲ. ಕ್ಷೌರದ ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಮಸೆಯುತ್ತಾರೆ. ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಹಾಗಾಗಿ ಕೋನವನ್ನು ನಿರ್ಧರಿಸುವುದು ನಮ್ಮ ಕೈಯಲ್ಲ, ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ. ನನ್ನದು 20 ಮಿಲಿಮೀಟರ್ ಅಗಲ, ಬೆನ್ನು 5.5 ಮಿಲಿಮೀಟರ್. ಲೆಕ್ಕ ಹಾಕಿದರೆ ಅಂಚಿನ ಕೋನ 16 ಡಿಗ್ರಿಯ ಹತ್ತಿರ ಬರುತ್ತದೆ. ಶೇವ್ ಮಾಡಲು ಅದು ಸರಿಯಾದ ಕೋನ.

ಬಡಿತ ಮುಗಿದ ಉಕ್ಕಿನ ಒಳಗೆ ಕಣಗಳು ಉಬ್ಬಿರುತ್ತವೆ. ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟು, ಮತ್ತೆ ಸ್ವಲ್ಪ ಕಡಿಮೆ ಬಿಸಿಗೆ ಕಾಯಿಸಿ ಆರಿಸಿ, ಹೀಗೆ ಮೂರು ಸಲ ಮಾಡಿದೆ. ಕಣಗಳು ಸಣ್ಣದಾಗಲು ಇದೇ ದಾರಿ. ಆಮೇಲೆ ಗಡಸು ಮಾಡುವ ಹೊತ್ತು. ಉಕ್ಕು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದನ್ನು ಗುರುತಾಗಿಟ್ಟುಕೊಂಡು ಇನ್ನೊಂಚೂರು, 800ರ ಆಸುಪಾಸಿಗೆ ಒಯ್ದು, ಮೊದಲೇ ಬೆಚ್ಚಗೆ ಮಾಡಿಟ್ಟ ಎಣ್ಣೆಗೆ ನೇರವಾಗಿ ಇಳಿಸಿದೆ. ಆ ಕ್ಷಣದಲ್ಲಿ ಎಲ್ಲರೂ ಕಿವಿ ನಿಮಿರಿಸಿ ನಿಲ್ಲುತ್ತಾರೆ. ಟಿಣ್ ಅಂತ ಸದ್ದು ಬಂದರೆ ಅಲಗು ಸೀಳಿತು ಅಂತಲೇ ಅರ್ಥ. ಬರಲಿಲ್ಲ.

ಎಣ್ಣೆಯಿಂದ ತೆಗೆದ ಮೇಲೆ ಕೆಲವು ಸೆಕೆಂಡುಗಳ ಅವಕಾಶವಿರುತ್ತದೆ. ಉಕ್ಕು ಸುಮಾರು 200 ಡಿಗ್ರಿಗೆ ಇಳಿಯುವವರೆಗೆ ಪೂರ್ತಿ ಗಡಸಾಗಿರುವುದಿಲ್ಲ, ಬಾಗಿದ್ದರೆ ನೇರ ಮಾಡಬಹುದು. ನನ್ನ ಅಲಗು ತುದಿಯಲ್ಲಿ ಕೂದಲೆಳೆಯಷ್ಟು ತಿರುಗಿತ್ತು. ಎರಡು ಅಲ್ಯೂಮಿನಿಯಂ ಹಲಗೆಗಳ ನಡುವೆ ಒತ್ತಿ ಹಿಡಿದೆ, ಸರಿಯಾಯಿತು. ತಣ್ಣಗಾದ ಮೇಲೆ ಅಂಚಿನ ಮೇಲೆ ಹೊಸ ಅರ ಎಳೆದು ನೋಡಿದೆ. ಕಚ್ಚದೆ ಜಾರಿತು. ಕೂಡಲೇ 180 ಡಿಗ್ರಿಯ ಒಲೆಯಲ್ಲಿ ಎರಡು ಸಲ ಹದ ಮಾಡಿದೆ. ಹದ ಕೊಡದ ಉಕ್ಕು ಗಾಜಿನಷ್ಟೇ ಪೆಡಸು.

ಅಲಗಿನ ಎರಡು ಮಗ್ಗುಲನ್ನು ಒಳಕ್ಕೆ ಬಾಗುವಂತೆ ತೋಡುವ ಕೆಲಸಕ್ಕೆ ತುಂಬಾ ಸಮಾಧಾನ ಬೇಕು. ತೆಳ್ಳಗಾದಷ್ಟೂ ಬೇಗ ಬಿಸಿಯೇರುತ್ತದೆ. ಅಂಚಿನಲ್ಲಿ ನೀಲಿ ಕಂಡರೆ ಬಿಸಿ 300 ಡಿಗ್ರಿ ಮುಟ್ಟಿದೆ, ಅಲ್ಲಿ ಹದ ಕೆಟ್ಟಿತು ಅಂತಲೇ ತಿಳಿಯಬೇಕು. ಅದಕ್ಕೆ ಬರಿಗೈಯಲ್ಲಿ ಹಿಡಿದೆ. ಬೆರಳಿಗೆ ಬಿಸಿ ತಟ್ಟಿದ ಕೂಡಲೇ ನೀರಿಗೆ ಅದ್ದುವುದು, ಮತ್ತೆ ಚಕ್ರಕ್ಕೆ ಹಿಡಿಯುವುದು. ತೋಡುತ್ತಾ ಹೋದಂತೆ ಹೊದಿಕೆ ಸವೆದು ತಿರುಳು ಬಯಲಾಯಿತು. ಎರಡೂ ಕಡೆ ಗಡಿ ಒಂದೇ ಎತ್ತರಕ್ಕೆ ಬಂದಿದೆ ಎಂದು ನೋಡಿದಾಗ ಮನಸ್ಸು ಹಗುರಾಯಿತು. ತಿರುಳು ನಡುವೆಯೇ ಇತ್ತು.

ಉಜ್ಜಿ ನುಣುಪು ಮಾಡಿ, ನೀರು ಬೆರೆಸಿದ, ಲೋಹದ ಮೇಲ್ಮೈಯನ್ನು ಆಮ್ಲದಂತೆ ತಿನ್ನುವ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದೆ. ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯಿತು. ಸೇತುವೆಯ ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿ, ಅದರೊಳಗಿನ ಎಳೆಗಳು ಒಂದೊಂದಾಗಿ ಎದ್ದವು. ಹೊದಿಕೆಗೂ ತಿರುಳಿಗೂ ನಡುವೆ ನಿಕ್ಕಲ್ ಹಾಳೆ ತೆಳ್ಳನೆ ಬೆಳ್ಳಿಗೆರೆಯಾಗಿ, ಅಲೆಅಲೆಯಾಗಿ ಉದ್ದಕ್ಕೂ ಹರಿದಿತ್ತು. ಅದರ ಕೆಳಗೆ ಅರದ ಉಕ್ಕು, ಯಾವ ವಿನ್ಯಾಸವೂ ಇಲ್ಲದೆ, ಒಂದೇ ಸಮ ಕಪ್ಪು. ನನಗೆ ಎಲ್ಲಕ್ಕಿಂತ ಚೆಂದ ಕಂಡದ್ದು ಆ ಬೋಳು ಜಾಗವೇ. ಅಡಿಗೆ ಸೋಡಾದ ನೀರಿನಲ್ಲಿ ತೊಳೆದು, ಎಣ್ಣೆ ಹಚ್ಚಿಟ್ಟೆ. ಹಿಡಿಗೆ ಮರದ ಎರಡು ಪಟ್ಟಿ, ಹಿತ್ತಾಳೆಯ ಕೀಲು ಹಾಕಿದೆ.

ಮಸೆಯುವುದನ್ನು ಕೊನೆಗೇ ಇಟ್ಟುಕೊಳ್ಳಬೇಕು. ಮೊದಲೇ ಹರಿತ ಮಾಡಿ ಆಮ್ಲಕ್ಕೆ ಹಾಕಿದರೆ ಅಂಚನ್ನು ಅದು ತಿಂದುಬಿಡುತ್ತದೆ. ಬೆನ್ನಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿದೆ. ಇದು ಅಂದಕ್ಕಲ್ಲ. ನನ್ನ ಕತ್ತಿಯ ಬೆನ್ನು ಹೊದಿಕೆಯ ಮೆದು ಲೋಹದ್ದು, ಅಂಚು ಗಡಸು ಉಕ್ಕಿನದು. ಟೇಪ್ ಇಲ್ಲದಿದ್ದರೆ ಕಲ್ಲಿನ ಮೇಲೆ ಬೆನ್ನು ಬೇಗ ಸವೆದು ಕೋನ ಬದಲಾಗುತ್ತಾ ಹೋಗುತ್ತದೆ, ವಿನ್ಯಾಸವೂ ಅಳಿಯುತ್ತದೆ. ಟೇಪಿನಿಂದ ಕೋನ ಒಂದು ಡಿಗ್ರಿಯ ಹತ್ತಿರ ಏರುತ್ತದೆ. ಅಷ್ಟನ್ನು ಅಲಗು ತಾಳಿಕೊಳ್ಳುತ್ತದೆ. 1000ದ ಕಲ್ಲಿನಲ್ಲಿ ಅಂಚು ಕೂಡಿಸಿ, 4000, 8000, 12000 ಹೀಗೆ ಏರಿಸಿಕೊಂಡು ಹೋದೆ; ಸಂಖ್ಯೆ ಏರಿದಷ್ಟೂ ಕಲ್ಲು ನುಣುಪು. ಪ್ರತಿ ಕಲ್ಲಿಗೂ ಮೊದಲು ಅಂಚಿಗೆ ಮಾರ್ಕರ್ ಮಸಿ ಹಚ್ಚಿದರೆ ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂದು ತಕ್ಷಣ ತಿಳಿಯುತ್ತದೆ. ಕೊನೆಗೆ ಚರ್ಮದ ಪಟ್ಟಿಯ ಮೇಲೆ, ಬೆನ್ನು ಮುಂದೆ ಮಾಡಿ ಎಳೆದೆ. ಒಂದು ಕೂದಲನ್ನು ಗಾಳಿಯಲ್ಲಿ ಹಿಡಿದು ಅಂಚಿಗೆ ಮುಟ್ಟಿಸಿದೆ. ಸದ್ದಿಲ್ಲದೆ ತುಂಡಾಯಿತು.

ಮುಖದ ಮೇಲೆ ಅದು ನಡೆದ ರೀತಿ ಇನ್ನೂ ಬೇರೆ. ಬಿಸಿನೀರು, ಸೋಪಿನ ನೊರೆ, ಚರ್ಮ ಬಿಗಿಹಿಡಿದು ಸುಮಾರು 30 ಡಿಗ್ರಿ ಓರೆಯಲ್ಲಿ ಅಲಗು ಇಟ್ಟೆ. ಕೆನ್ನೆಯ ಮೇಲೆ ಸಣ್ಣ ಚರಚರ ಸದ್ದು. ಎಳೆತ ಇಲ್ಲ, ಉರಿ ಇಲ್ಲ. ಗದ್ದದ ಕೆಳಗೆ ಕೂದಲು ಗಟ್ಟಿ ಇರುವ ಕಡೆಯೂ ಹಾಗೇ ಸಾಗಿತು. ಮುಗಿದ ಮೇಲೆ ಭೂತಗನ್ನಡಿಯಲ್ಲಿ ಅಂಚು ನೋಡಿದೆ. ಎಲ್ಲೂ ಚೂರು ಕಿತ್ತಿರಲಿಲ್ಲ.

ಇಂಥ ಕತ್ತಿ ಮಾಡಿಸಿಕೊಳ್ಳಬೇಕು ಅಂದುಕೊಂಡವರು ಈಗ ನನ್ನನ್ನು ಕೇಳುತ್ತಾರೆ, ಹಡಗಿನ ಉಕ್ಕು ಒಳ್ಳೆಯದೋ, ಸೇತುವೆಯದೋ, ಫಿರಂಗಿಯದೋ ಅಂತ. ಮಾಡುವವರನ್ನು ಅದಕ್ಕಿಂತ ಮೊದಲು ಅಂಚಿನಲ್ಲಿ ಯಾವ ಉಕ್ಕಿದೆ, ಇಂಗಾಲ ಎಷ್ಟು, ಹದ ಎಷ್ಟು ಡಿಗ್ರಿಗೆ ಕೊಟ್ಟಿದ್ದಾರೆ ಎಂದು ಕೇಳಿ. ಹಳೆಯ ಲೋಹ ಎಲ್ಲಿಂದ ಬಂತು ಎಂಬ ಕಾಗದ ಆಮೇಲೆ ಕೇಳಿ. ಕೆಲಸ ಗೊತ್ತಿರುವವರು ಎರಡಕ್ಕೂ ಉತ್ತರ ಕೊಡುತ್ತಾರೆ. ಕತ್ತಿ ಕೈಗೆ ಬಂದ ಮೇಲೆ ಪ್ರತಿ ಶೇವ್ ಮುಗಿದಾಗಲೂ ಒರೆಸಿ, ಕೀಲಿನ ಸಂದಿಯಲ್ಲೂ ನೀರು ಉಳಿಯದ ಹಾಗೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿ ಇಡಿ. ಇಂಥ ಕಬ್ಬಿಣಕ್ಕೂ ಉಕ್ಕಿಗೂ ತುಕ್ಕು ಹತ್ತುತ್ತದೆ, ಅದು ಮೊದಲು ಶುರುವಾಗುವುದು ಕಣ್ಣಿಗೆ ಕಾಣದ ಆ ಸಂದಿಯಲ್ಲೇ.